ಹನ್ನೊಂದನೇ ಸೆಕೆಂಡಿಗೆ ಬರುವ ಬಟನ್

ಡಿವಿಡಿ ಮೆನುವಿಗೆ ಯಾರಾದರೂ ವಿಮರ್ಶೆ ಬರೆಯುತ್ತಾರಾ ಎಂದು ನನ್ನ ಹೆಂಡತಿ ನಕ್ಕಳು. ಡಿವಿಡಿಯೇ ಹೋಗಿ ಆಯಿತು, ಇನ್ನು ಅದರ ಮೆನುವಿಗೇನು ವಿಮರ್ಶೆ! ಆದರೆ ಕಳೆದ ಹದಿನೈದು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಓಡಿದ ಚಿತ್ರ ಯಾವುದು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಅದು ರಾಜ್‌ಕುಮಾರ್ ಅವರದ್ದೂ ಅಲ್ಲ, ಪುಟ್ಟಣ್ಣ ಕಣಗಾಲರದ್ದೂ ಅಲ್ಲ. 31 ಸೆಕೆಂಡಿನ ಒಂದು ಮೆನು. ನನ್ನ ತಂಗಿಯ ಮದುವೆಯ ಡಿವಿಡಿಯದು. 2010ರಲ್ಲಿ ಘೋಟಿಯ ಒಂದು ಫೋಟೋ ಸ್ಟುಡಿಯೋದವರು ಮಾಡಿಕೊಟ್ಟದ್ದು.

ಘೋಟಿ ಗೊತ್ತಿಲ್ಲದವರಿಗೆ: ನಾಸಿಕ್‌ನಿಂದ ಮುಂಬೈ ಕಡೆ ಹೊರಟರೆ ಇಗತ್‌ಪುರಿಗಿಂತ ಸ್ವಲ್ಪ ಮೊದಲು ಹೆದ್ದಾರಿಯ ಮೇಲೆ ಸಿಗುವ ಊರು. ಟೋಲ್ ನಾಕಾ, ಅಕ್ಕಿ ಗಿರಣಿಗಳು, ಸುತ್ತ ಭತ್ತದ ಗದ್ದೆ. ಕಳಸೂಬಾಯಿ ಶಿಖರ ಹತ್ತಲು ಹೋಗುವ ಹುಡುಗರು ಇಲ್ಲಿಂದಲೇ ಒಳದಾರಿ ಹಿಡಿಯುತ್ತಾರೆ. ನನ್ನ ಭಾವನ ಮನೆಯವರು ಮೂಲತಃ ಕುಂದಾಪುರದ ಕಡೆಯವರು. ಅಲ್ಲಿ ಹೆದ್ದಾರಿ ಬದಿಗೆ ಹೋಟೆಲು ಇಟ್ಟು ಒಂದು ತಲೆಮಾರು ಕಳೆದಿದೆ. ಅವರ ಮನೆಯ ಅಜ್ಜ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ, ಹಾಗಾಗಿ ಹೆಣ್ಣಿನ ಕಡೆಯವರಾದ ನಾವೇ ಸಾಗರದಿಂದ ಬಸ್ಸು ಮಾಡಿಕೊಂಡು ಹೋಗಿ ಅಲ್ಲಿನ ಮಂಗಲ ಕಾರ್ಯಾಲಯದಲ್ಲಿ ಮದುವೆ ಮಾಡಿಕೊಟ್ಟು ಬಂದೆವು.

ಮೆನು ಹೀಗಿದೆ. ಮೊದಲ ನಾಲ್ಕು ಸೆಕೆಂಡು ಗಣಪತಿ, ಮೇಲಿನಿಂದ ಉದುರುವ ಗುಲಾಬಿ ಎಸಳು, ಶಹನಾಯಿ. ಆಮೇಲೆ ಕಾರ್ಯಾಲಯದ ಬಾಗಿಲು. ಬಾಗಿಲಲ್ಲಿ ಪಂಚೆ, ಶಲ್ಯದಲ್ಲಿ ಅಪ್ಪ ನಿಂತಿದ್ದಾರೆ, ನಿಧಾನಗತಿಯಲ್ಲಿ. ರಸ್ತೆಯ ಕಡೆ ನೋಡುತ್ತಿದ್ದಾರೆ. ನಮ್ಮ ಕಡೆಯ ಎರಡನೇ ಬಸ್ಸು ಪುಣೆ, ಸಂಗಮನೇರ್ ದಾಟಿ ಸಿನ್ನರ್ ಹತ್ತಿರ ಕೆಟ್ಟು ನಿಂತಿತ್ತು, ಅದಕ್ಕೆ ಕಾಯುತ್ತಿದ್ದದ್ದು. ಒಂಬತ್ತನೇ ಸೆಕೆಂಡಿಗೆ ಅಪ್ಪ ಕ್ಯಾಮೆರಾ ಕಡೆ ತಿರುಗುತ್ತಾರೆ. ಹನ್ನೊಂದಕ್ಕೆ ಬಲಗಡೆಯಿಂದ ನಾಲ್ಕು ಬಟನ್‌ಗಳು ಹಾರಿ ಬರುತ್ತವೆ: ಹಳದಿ, ಲಗ್ನ, ರಿಸೆಪ್ಶನ್, ಪ್ಲೇ ಆಲ್. ಮೊದಲ ಮೂರು ಮರಾಠಿಯಲ್ಲಿ, ಕೊನೆಯದು ಇಂಗ್ಲಿಷಿನಲ್ಲಿ. ನಮ್ಮ ಧಾರೆ ಅವರ ಲೆಕ್ಕದಲ್ಲಿ ಲಗ್ನ. ಆ ಲಗ್ನ ಸರಿಯಾಗಿ ಅಪ್ಪನ ಮುಖದ ಮೇಲೆ ಬಂದು ಕೂರುತ್ತದೆ. 31ನೇ ಸೆಕೆಂಡಿಗೆ ಎಲ್ಲ ಮುಗಿದು, ಅರೆಕ್ಷಣ ಚಿತ್ರ ಸ್ತಬ್ಧವಾಗಿ, ಶಹನಾಯಿ ತುಂಡಾಗಿ, ಮತ್ತೆ ಗಣಪತಿ.

ನಾನು ಸಾಫ್ಟ್‌ವೇರ್‌ನವನು. ಪ್ರಾಜೆಕ್ಟ್ ಮ್ಯಾನೇಜರ್ ಆದ ಮೇಲೆ ಕೋಡು ಬರೆಯುವುದು ಬಿಟ್ಟುಹೋಗಿದೆ, ಬೇರೆಯವರ ತಪ್ಪು ಹುಡುಕುವುದು ಮಾತ್ರ ಉಳಿದಿದೆ. ಈ ಮೆನುವಿನ ತಪ್ಪುಗಳನ್ನು ನಾನು ವರ್ಷಗಟ್ಟಲೆ ಲೆಕ್ಕ ಹಾಕಿದ್ದೇನೆ. ಅವು ಅರ್ಥವಾಗಬೇಕಾದರೆ ಡಿವಿಡಿಯ ಮೆನು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು.

ನಾವು ಪರದೆಯ ಮೇಲೆ ಕಾಣುವ ಬಟನ್ ನಿಜವಾಗಿ ಬಟನ್ ಅಲ್ಲ. ಅದು ಹಿನ್ನೆಲೆ ವಿಡಿಯೋದಲ್ಲೇ ಬರೆದ ಚಿತ್ರ. ಗಣಪತಿ, ಗುಲಾಬಿ ಎಸಳು ಹೇಗೋ ಹಾಗೆ. ಒತ್ತಿದರೆ ಕೆಲಸ ಮಾಡುವ ಬಟನ್ ಬೇರೆಯೇ ಇದೆ. ಅದು ಕಣ್ಣಿಗೆ ಕಾಣದ ಒಂದು ಚೌಕ. ಪರದೆಯ ಯಾವ ಮೂಲೆಯಿಂದ ಯಾವ ಮೂಲೆಯವರೆಗೆ, ಬಾಣದ ಗುರುತು ಒತ್ತಿದರೆ ಮುಂದೆ ಯಾವ ಚೌಕಕ್ಕೆ, ಸರಿ ಎಂದರೆ ಏನು ಮಾಡಬೇಕು ಎಂಬ ಮಾಹಿತಿ ವಿಡಿಯೋದ ನಡುನಡುವೆ ಸಣ್ಣ ಪೊಟ್ಟಣಗಳಲ್ಲಿ ಹೆಣೆದಿರುತ್ತದೆ. ಆ ಚೌಕ ಆಯ್ಕೆಯಾಗಿದೆ ಎಂದು ತೋರಿಸುವ ಗೆರೆಯೋ ಬಣ್ಣವೋ ಮೂರನೆಯ ಪದರ. ಸಿನಿಮಾಕ್ಕೆ ಸಬ್‌ಟೈಟಲ್ ಬರುವ ಪದರವೇ ಅದು. ಒಂದು ಸಲಕ್ಕೆ ನಾಲ್ಕೇ ಬಣ್ಣ. ಒಂದು ಮೆನುವಿನಲ್ಲಿ ಹೆಚ್ಚೆಂದರೆ 36 ಬಟನ್. ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ನಿಯಮ ಇದೇ.

ಅಂದರೆ ಬಟನ್ನಿಗೆ ಎರಡು ಹುಟ್ಟು. ಅದರ ಚಿತ್ರ ಹುಟ್ಟುವ ಹೊತ್ತು ಒಂದು, ಅದಕ್ಕೆ ಜೀವ ಬರುವ ಹೊತ್ತು ಇನ್ನೊಂದು. ಇವೆರಡನ್ನು ಹೊಂದಿಸುವುದು ಮೆನು ಮಾಡುವವನ ಕೆಲಸ, ಯಂತ್ರ ತಾನಾಗಿ ಹೊಂದಿಸುವುದಿಲ್ಲ. ಚಿತ್ರ ಮೊದಲು ಬಂದು ಜೀವ ತಡವಾದರೆ, ನಾವು ಒತ್ತಿದರೂ ಏನೂ ಆಗುವುದಿಲ್ಲ, ರಿಮೋಟಿನ ಸೆಲ್ ಮುಗಿದಿದೆ ಎಂದು ಹಿಂಬದಿ ತಟ್ಟುತ್ತೇವೆ. ಜೀವ ಮೊದಲು ಬಂದು ಚಿತ್ರ ತಡವಾದರೆ, ಪರದೆಯ ಮೇಲೆ ಏನೂ ಇಲ್ಲದ ಕಡೆ ಒಂದು ಗೆರೆ ತೇಲುತ್ತಿರುತ್ತದೆ. ಕೈ ತಪ್ಪಿ ಒತ್ತಿದರೆ ಕೇಳದೇ ಇದ್ದದ್ದು ಶುರುವಾಗುತ್ತದೆ.

ಇದರ ಮೇಲೆ ಮೂರನೆಯ ಹೊತ್ತೊಂದಿದೆ: ವಿಡಿಯೋ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬುದು. ಅಡೋಬಿ ಎನ್‌ಕೋರ್, ಆಪಲ್‌ನ ಡಿವಿಡಿ ಸ್ಟುಡಿಯೋ ಪ್ರೋ ಎರಡರಲ್ಲೂ ಇದಕ್ಕೆ ಲೂಪ್ ಪಾಯಿಂಟ್ ಎಂಬ ಒಂದು ಅಂಕಿಯ ಜಾಗವಿತ್ತು. ಅಲ್ಲಿ 11 ಎಂದು ಬರೆದರೆ, ಮೊದಲ ಸಲ ಸೊನ್ನೆಯಿಂದ ಓಡಿ, ಹನ್ನೊಂದಕ್ಕೆ ಬಟನ್ನಿಗೆ ಜೀವ ಬಂದು, ಮುಂದಿನ ಸುತ್ತುಗಳೆಲ್ಲ 11ರಿಂದ 31ರವರೆಗೆ ಮಾತ್ರ ತಿರುಗುತ್ತವೆ. ಪ್ರವೇಶ ಒಂದೇ ಸಲ. ಬಂದ ಬಟನ್ ಮತ್ತೆ ಹೋಗುವುದಿಲ್ಲ.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಒಡ್ಡೋಲಗ ನೋಡಿದವರಿಗೆ ಗೊತ್ತು. ಇಬ್ಬರು ಅಡ್ಡಲಾಗಿ ತೆರೆ ಹಿಡಿದಿರುತ್ತಾರೆ. ಕಿರೀಟದ ತುದಿ ಕಾಣುತ್ತದೆ, ಗೆಜ್ಜೆ ಕೇಳುತ್ತದೆ, ವೇಷ ಪೂರ್ತಿ ಕಾಣಿಸದೆ ಸತಾಯಿಸುತ್ತದೆ. ಚಂಡೆ ಏರಿದ ಮೇಲೆ ತೆರೆ ಸರಿಯುತ್ತದೆ. ಆಮೇಲೆ ಭಾಗವತರು ಅದೇ ಪದದ ಸೊಲ್ಲನ್ನು ಎಷ್ಟು ಸಲ ಬೇಕಾದರೂ ತಿರುಗಿಸಿ ಹಾಡಬಹುದು. ವೇಷಧಾರಿಯ ಕುಣಿತ, ಅಭಿನಯ ಮುಗಿಯುವವರೆಗೂ ಹಾಡುತ್ತಾರೆ. ಆದರೆ ಸೊಲ್ಲು ತಿರುಗಿದಾಗಲೆಲ್ಲ ತೆರೆಯವರು ಓಡಿ ಬಂದು ಮತ್ತೆ ಅಡ್ಡ ಹಿಡಿದರೆ ಆಟ ನೋಡುವುದು ಹೇಗೆ? ಘೋಟಿಯ ಮೆನು ಮಾಡುವುದು ಅದನ್ನೇ. ಪ್ರತಿ 31 ಸೆಕೆಂಡಿಗೊಮ್ಮೆ ತೆರೆ ಹಿಡಿಯುತ್ತದೆ.

ಅವರು ಲೂಪ್ ಪಾಯಿಂಟನ್ನು ಸೊನ್ನೆಯಲ್ಲೇ ಬಿಟ್ಟಿದ್ದರು. ಹಾಗಾಗಿ ಜೀವ ಸೊನ್ನೆಗೇ ಬರುತ್ತದೆ, ಚಿತ್ರ ಹನ್ನೊಂದಕ್ಕೆ. ಮೊದಲ ಹನ್ನೊಂದು ಸೆಕೆಂಡು ಅಪ್ಪನ ಭುಜದ ಮೇಲ್ಗಡೆ ಖಾಲಿ ಜಾಗದಲ್ಲಿ ಒಂದು ಅಡ್ಡ ಗೆರೆ ಹೊಳೆಯುತ್ತಿರುತ್ತದೆ. ಅಮ್ಮ ಅದನ್ನು ಡಿಸ್ಕಿನ ಗೀರು ಎಂದುಕೊಂಡು ಸೀರೆ ಸೆರಗಿನಿಂದ ಎಷ್ಟೋ ಸಲ ಒರೆಸಿದ್ದಾರೆ. ಆ ಗೆರೆ ಹಳದಿ ಬಟನ್ನಿನದು, ಗೆರೆಯ ಬಣ್ಣವೂ ಹಳದಿ. ಜೊತೆಗೆ ಪ್ರತಿ ಸುತ್ತಿನ ಆರಂಭದಲ್ಲಿ ಮೊದಲ ಬಟನ್ನೇ ಆಯ್ಕೆಯಾಗಲಿ ಎಂಬ ಆಜ್ಞೆಯನ್ನೂ ಕೊಟ್ಟಿದ್ದಾರೆ. ಅಮ್ಮನಿಗೆ ಬೇಕಾದದ್ದು ಧಾರೆ. ಕನ್ನಡಕ ಹುಡುಕಿ ಹಾಕಿಕೊಂಡು, ರಿಮೋಟಿನ ಮೇಲೆ ಕೆಳಗಿನ ಬಾಣ ಎಲ್ಲಿದೆ ಎಂದು ನೋಡಿ, ಒತ್ತಿ, ಗೆರೆ ಲಗ್ನದ ಕೆಳಗೆ ಇಳಿಯಿತಾ ಎಂದು ತಲೆ ಎತ್ತುವಷ್ಟರಲ್ಲಿ ಸುತ್ತು ಮುಗಿದು ಗೆರೆ ಮತ್ತೆ ಹಳದಿಗೆ ಹಾರಿರುತ್ತದೆ. ಸರಿ ಒತ್ತಿದರೆ ಅರಿಶಿನ ಶಾಸ್ತ್ರ. ನಮ್ಮ ಅಮ್ಮ ಮಗಳ ಮದುವೆಯಲ್ಲಿ ಅರಿಶಿನ ಹಚ್ಚುವುದನ್ನು ನೂರು ಸಲ ನೋಡಿದ್ದಾರೆ, ಧಾರೆಯನ್ನು ನಾವ್ಯಾರಾದರೂ ಮನೆಗೆ ಹೋದಾಗ ಮಾತ್ರ.

ಇದನ್ನು ಹಳ್ಳಿ ಸ್ಟುಡಿಯೋದವರ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಆ ಕಾಲದ ಕನ್ನಡ ಸಿನಿಮಾ ಡಿವಿಡಿಗಳನ್ನು ನೆನಪು ಮಾಡಿಕೊಳ್ಳಿ. 2007ರಲ್ಲಿ ಮೋಸರ್ ಬೇರ್ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿಯಿಂದ ಬೆಲೆ ಶುರು ಮಾಡಿದ ಮೇಲೆ ಡಿಸ್ಕು ಎಂಬುದು ಬಸ್‌ಸ್ಟ್ಯಾಂಡಿನ ಅಂಗಡಿಗೂ ಬಂತು. ನಾನು ಕೊಂಡ ಎಷ್ಟೋ ಡಿಸ್ಕುಗಳಲ್ಲಿ ನಾಯಕ ಮೆನುವಿನಲ್ಲೇ ಹಾಡಿನ ಅರ್ಧ ಕುಣಿದು ಮುಗಿಸಿದ ಮೇಲೆ ಬಟನ್ ಬರುತ್ತಿತ್ತು. ಸಿನಿಮಾ ನೋಡಲು ಹಾಕಿದವನಿಗೆ ಮೊದಲು ಸಿನಿಮಾದ ಜಾಹೀರಾತು. ಬಟನ್ ಮೇಲೆ ಪ್ಲೇ ಮೂವಿ, ಸಾಂಗ್ಸ್, ಸೀನ್ಸ್. ಕನ್ನಡದಲ್ಲಿ ಬರೆಯಲು ಅಡ್ಡಿ ಏನಿತ್ತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೊಬೈಲಿನಲ್ಲಿ, ವೆಬ್ಬಿನಲ್ಲಿ ಫಾಂಟಿನ ನೆಪ ಹೇಳಬಹುದಿತ್ತು. ಡಿವಿಡಿ ಬಟನ್ ಬರೀ ಚಿತ್ರ. ನುಡಿಯಲ್ಲೋ ಬರಹದಲ್ಲೋ ಬರೆದು ಚಿತ್ರವಾಗಿ ಅಂಟಿಸಿದರೆ ಜಗತ್ತಿನ ಯಾವ ಪ್ಲೇಯರೂ ತೋರಿಸುತ್ತಿತ್ತು. ಘೋಟಿಯ ಸ್ಟುಡಿಯೋದವರು ಕನಿಷ್ಠ ಮರಾಠಿಯಲ್ಲಿ ಬರೆದರು. ಆ ವಿಷಯದಲ್ಲಿ ಅವರಿಗೆ ನನ್ನ ಪೂರ್ತಿ ಅಂಕ.

ವಿಸಿಡಿ ಇದಕ್ಕಿಂತ ಬಡ, ಆದರೆ ಹೆಚ್ಚು ಮರ್ಯಾದಸ್ಥ. ವಿಸಿಡಿ 2.0ರ ಮೆನು ಎಂದರೆ ಸಾಮಾನ್ಯವಾಗಿ ಒಂದು ಸ್ಥಿರ ಚಿತ್ರ, ಪಕ್ಕದಲ್ಲಿ ಅಂಕಿ. ಮೂರು ಬೇಕಾದರೆ ರಿಮೋಟಿನಲ್ಲಿ ಮೂರು ಒತ್ತಿ. ಗೆರೆ ಇಲ್ಲ, ಬಾಣ ಇಲ್ಲ. ನೀವು ಕನ್ನಡಕ ಹುಡುಕಿ ಬರುವವರೆಗೂ ಅದು ಅಲ್ಲೇ ಇರುತ್ತಿತ್ತು.

ಹೊತ್ತನ್ನೇ ಆಟವಾಗಿ ಮಾಡಿದವರೂ ಇದ್ದಾರೆ. 1999ರ ಮ್ಯಾಟ್ರಿಕ್ಸ್ ಡಿವಿಡಿಯಲ್ಲಿ ಸಿನಿಮಾ ಓಡುತ್ತಿರುವಾಗಲೇ ಕೆಲವು ಕಡೆ ಬಿಳಿ ಮೊಲ ಬರುತ್ತದೆ. ಮೊಲ ಇರುವಷ್ಟರಲ್ಲಿ ಒತ್ತಿದರೆ ಆ ದೃಶ್ಯ ಹೇಗೆ ಚಿತ್ರೀಕರಿಸಿದರು ಎಂದು ತೋರಿಸಿ ವಾಪಸು ತಂದು ಬಿಡುತ್ತದೆ. ಅಲ್ಲಿ ಬಟನ್ ಬಂದುಹೋಗುವುದೇ ಅದರ ಸ್ವಾರಸ್ಯ, ತಪ್ಪಿಹೋದರೂ ಸಿನಿಮಾ ನಷ್ಟವಾಗುವುದಿಲ್ಲ. 2018ರ ಬ್ಯಾಂಡರ್‌ಸ್ನ್ಯಾಚ್‌ನಲ್ಲಿ ಪಾತ್ರ ಏನು ಮಾಡಬೇಕೆಂದು ನಿರ್ಧರಿಸಲು ನಮಗೆ ಹತ್ತು ಸೆಕೆಂಡು, ಇಲ್ಲದಿದ್ದರೆ ಅದೇ ನಿರ್ಧರಿಸುತ್ತಿತ್ತು. ನೆಟ್‌ಫ್ಲಿಕ್ಸ್ 2017ರಲ್ಲಿ ತಂದ ಸ್ಕಿಪ್ ಇಂಟ್ರೋ ನನ್ನ ದೃಷ್ಟಿಯಲ್ಲಿ ಡಿವಿಡಿ ಬಟನ್ನಿನ ನಿಜವಾದ ಮೊಮ್ಮಗು. ಶೀರ್ಷಿಕೆ ಗೀತೆ ಶುರುವಾಗುವ ಹೊತ್ತಿಗೆ ಮೂಲೆಯಲ್ಲಿ ಬಂದು, ನಮಗೆ ಬೇಡವಾದರೆ ಸುಮ್ಮನೆ ಹೊರಟುಹೋಗುತ್ತದೆ. ಅದರ ಸಹೋದರ, ಮುಂದಿನ ಕಂತು ತಾನಾಗಿ ಶುರುಮಾಡುವ ಎಣಿಕೆ, ಅಷ್ಟು ಸಂಭಾವಿತನಲ್ಲ. ಸಿನಿಮಾ ಮುಗಿದು ಹೆಸರುಗಳು ಬರುತ್ತಿರುವಾಗ ಮಾತಾಡದೆ ಕೂರುವ ಎರಡು ನಿಮಿಷವನ್ನು ಅದು ನಮ್ಮಿಂದ ಕಿತ್ತುಕೊಂಡಿದೆ.

ಫಾಲ್ಕೆಯವರು ಹುಟ್ಟಿದ್ದು ಇಲ್ಲೇ ತ್ರ್ಯಂಬಕೇಶ್ವರದಲ್ಲಿ, ತೀರಿಕೊಂಡದ್ದು ನಾಸಿಕ್‌ನಲ್ಲಿ. 1913ರ ರಾಜಾ ಹರಿಶ್ಚಂದ್ರದಲ್ಲಿ ಮಾತಿಲ್ಲ, ಚಿತ್ರದ ನಡುವೆ ಬರಹದ ಫಲಕಗಳು, ಅದೂ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ. ಅಕ್ಷರ ಬಾರದವನಿಗೆ ಪಕ್ಕದವನು ಓದಿ ಹೇಳಿ ಮುಗಿಸುವಷ್ಟು ಹೊತ್ತು ಫಲಕ ನಿಲ್ಲಬೇಕು. ಪರದೆಯ ಮೇಲಿನ ಅಕ್ಷರ ಎಷ್ಟು ಹೊತ್ತು ಇರಬೇಕು ಎಂಬ ಪ್ರಶ್ನೆ ನಮ್ಮ ಸಿನಿಮಾದಷ್ಟೇ ಹಳೆಯದು ಎಂದಾಯಿತು.

ನಮ್ಮ ಉದ್ಯೋಗದಲ್ಲಿ ಇದಕ್ಕೆ ಅಂಕಿಗಳಿವೆ. ಯಾಕೋಬ್ ನೀಲ್ಸನ್ 1993ರಲ್ಲಿ ಬರೆದದ್ದನ್ನು ಈಗಲೂ ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ: 0.1 ಸೆಕೆಂಡಿನೊಳಗೆ ಆದರೆ ತಕ್ಷಣ ಆಯಿತೆನಿಸುತ್ತದೆ, ಒಂದು ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ, ಹತ್ತು ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. ಘೋಟಿಯ ಮೆನು ಹನ್ನೊಂದು. ನಾನೇ ಹಿಂದೊಮ್ಮೆ ತಂಡದ ಹುಡುಗಿಯೊಬ್ಬಳು ಮಾಡಿದ ಪರದೆಯನ್ನು ಇದೇ ಅಂಕಿ ಹಿಡಿದು ವಾಪಸು ಕಳಿಸಿದ್ದೆ. ಅವಳ ಪರದೆಯಲ್ಲಿ ಬಟನ್ ಬರಲು ಮೂರು ಸೆಕೆಂಡು ಹಿಡಿಯುತ್ತಿತ್ತು. ಆ ಮೂರು ಸೆಕೆಂಡಿನಲ್ಲಿ ಜನ ಏನು ನೋಡುತ್ತಾರೆ ಅಂತ ನೋಡಿದ್ದೀರಾ ಸರ್ ಎಂದು ಕೇಳಿದಳು. ಏನೂ ನೋಡುವುದಿಲ್ಲ, ಕಾಯುತ್ತಾರೆ ಎಂದಿದ್ದೆ.

ಅಪ್ಪ 2017ರಲ್ಲಿ ಹೋದರು. ಅಮ್ಮ ಸಾಗರದ ಮನೆಗೆ ಬೀಗ ಹಾಕಿ ನಾಸಿಕ್‌ಗೆ ನಮ್ಮ ಜೊತೆ ಬಂದರು. ಬರುವಾಗ ಪೆಟ್ಟಿಗೆಯಲ್ಲಿ ಡಿವಿಡಿ ಪ್ಲೇಯರನ್ನು ಎರಡು ಕಂಬಳಿಗಳ ನಡುವೆ ಇಟ್ಟು ತಂದಿದ್ದರು. ಮಧ್ಯಾಹ್ನ ನಾವೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಒಂದು ದಿನ ಜ್ವರವೆಂದು ನಾನು ಮನೆಯಲ್ಲಿದ್ದೆ. ಒಳಗಿನ ಕೋಣೆಗೆ ಶಹನಾಯಿ ಕೇಳಿಸುತ್ತಿತ್ತು. ತುಂಡಾಗುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಹತ್ತು ನಿಮಿಷವಾದರೂ ಅರಿಶಿನವೂ ಇಲ್ಲ, ಧಾರೆಯೂ ಇಲ್ಲ. ರಿಮೋಟು ಕೆಲಸ ಮಾಡುತ್ತಿಲ್ಲವೇನೋ ಎಂದು ಹೊರಗೆ ಬಂದೆ.

"ಹಾಕಿ ಕೊಡ್ಲಾ ಅಮ್ಮ?"

"ಬ್ಯಾಡ. ಅದಿರ್ಲಿ," ಎಂದರು. ರಿಮೋಟು ಟೀವಿಯ ಪಕ್ಕದಲ್ಲೇ ಇತ್ತು.

ಪ್ಲೇಯರ್ ಕೆಟ್ಟದ್ದು 2023ರಲ್ಲಿ. ದುರಸ್ತಿ ಮಾಡುವವರು ಸಿಗಲಿಲ್ಲ. ನಾನು ಡಿಸ್ಕನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ಪೂರ್ತಿ ಎಂಪಿ4 ಮಾಡಿ, ಪೆನ್‌ಡ್ರೈವಿಗೆ ತುಂಬಿ ಟೀವಿಯ ಹಿಂದೆ ಚುಚ್ಚಿದೆ. ಮೂರು ಕಡತ, ನಾನೇ ಹೆಸರಿಟ್ಟೆ: ಅರಿಶಿನ, ಧಾರೆ, ಆರತಕ್ಷತೆ. ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಯಾವುದನ್ನು ಒತ್ತಿದರೂ ತಕ್ಷಣ ಶುರು. ಹದಿಮೂರು ವರ್ಷದ ತಪ್ಪನ್ನು ಸರಿಪಡಿಸಿದ ಸಮಾಧಾನದಲ್ಲಿದ್ದೆ.

ಎರಡು ದಿನ ಬಿಟ್ಟು ಅಮ್ಮ ಕೇಳಿದರು. "ಇದ್ರಲ್ಲಿ ಅಪ್ಪ ಬಾಗ್ಲಲ್ಲಿ ನಿಂತಿರದು ಎಲ್ಲಿದೆ?"

ಧಾರೆಯಲ್ಲಿ ಇರಬೇಕು ಎಂದೆ. ಇರಲಿಲ್ಲ. ಮೂರೂ ಕಡತಗಳನ್ನು, ಒಟ್ಟು ಎರಡೂವರೆ ಗಂಟೆ, ಒಂದು ಶನಿವಾರ ಕೂತು ನೋಡಿದೆ. ಧಾರೆಯ ಕಡತದಲ್ಲಿ ಅಪ್ಪ ಬಗ್ಗಿದ್ದಾರೆ, ಹೊಗೆಗೆ ಕಣ್ಣುಜ್ಜುತ್ತಿದ್ದಾರೆ, ಪುರೋಹಿತರ ಬೆನ್ನಿನ ಹಿಂದೆ ಅರ್ಧ ಕಾಣುತ್ತಾರೆ. ಊಟದ ಪಂಕ್ತಿಯಲ್ಲಿ ಯಾರಿಗೋ ಬಲವಂತ ಮಾಡುತ್ತಿದ್ದಾರೆ. ಬಾಗಿಲಲ್ಲಿ ನಿಂತದ್ದು ಎಲ್ಲೂ ಇಲ್ಲ. ಎಡಿಟ್ ಮಾಡಿದವನು ಆ ತುಣುಕನ್ನು ಮದುವೆಯ ವಿಡಿಯೋದಿಂದ ತೆಗೆದು ಮೆನುವಿಗೆ ಮಾತ್ರ ಬಳಸಿದ್ದ. ಭಾವನಿಗೆ ಫೋನು ಮಾಡಿದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ, ಹಳೆಯ ಟೇಪು ಯಾವುದೂ ಉಳಿದಿಲ್ಲ.

ಡಿವಿಡಿಯಲ್ಲಿ ಮುಖ್ಯ ವಿಡಿಯೋ ಇರುವ ಕಡತಗಳ ಹೆಸರು ಒಂದು, ಎರಡು, ಮೂರು ಎಂಬ ಅಂಕಿಗಳಿಂದ ಕೊನೆಯಾಗುತ್ತದೆ. ಸೊನ್ನೆಯಿಂದ ಕೊನೆಯಾಗುವ ಒಂದು ವಿಒಬಿ ಕಡತ ಇರುತ್ತದೆ, ಅದು ಮೆನು. ಎಂಪಿ4 ಮಾಡುವ ತಂತ್ರಾಂಶಗಳು ಸಾಮಾನ್ಯವಾಗಿ ಸೊನ್ನೆಯನ್ನು ಮುಟ್ಟುವುದಿಲ್ಲ. ಮೆನು ಯಾರಿಗೆ ಬೇಕು ಎಂಬುದು ಅವುಗಳ ಲೆಕ್ಕಾಚಾರ, ನನ್ನದೂ ಅದೇ ಆಗಿತ್ತು. ಅದೃಷ್ಟಕ್ಕೆ ಡಿಸ್ಕಿನ ಒಳ ಅಂಚು ಇನ್ನೂ ಓದಲು ಬರುತ್ತಿತ್ತು. ಸೊನ್ನೆಯ ಕಡತ ಸಿಕ್ಕಿತು: 31 ಸೆಕೆಂಡು, ಸೆಕೆಂಡಿಗೆ 25 ಚಿತ್ರದಂತೆ 775 ಚಿತ್ರ.

ಮೊದಲೇ ಹೇಳಿದೆನಲ್ಲ, ಬಟನ್ ಎಂಬುದು ವಿಡಿಯೋದಲ್ಲೇ ಬರೆದ ಚಿತ್ರ ಎಂದು. ಆಯ್ಕೆಯ ಹಳದಿ ಗೆರೆ ಬೇರೆ ಪದರದ್ದಾದ್ದರಿಂದ ಬಿಟ್ಟುಹೋಯಿತು. ಅಮ್ಮ ಸೆರಗಿನಲ್ಲಿ ಒರೆಸುತ್ತಿದ್ದ ಗೀರು ಕೊನೆಗೂ ಹೋಯಿತು. ಆದರೆ ಹಳದಿ, ಲಗ್ನ, ರಿಸೆಪ್ಶನ್ ಫಲಕಗಳನ್ನು ಕೀಳಲು ಬರುವುದಿಲ್ಲ. ಅವುಗಳ ಹಿಂದೆ ಇದ್ದದ್ದು ಎಲ್ಲೂ ಇಲ್ಲ. ಪೂರ್ತಿ ಅಪ್ಪ ಇರುವುದು ನಾಲ್ಕನೇ ಸೆಕೆಂಡಿನಿಂದ ಹನ್ನೊಂದರವರೆಗೆ, 175 ಚಿತ್ರ. ಅದರಲ್ಲಿ ಮುಖ ನಮ್ಮ ಕಡೆ ಇರುವುದು ಕೊನೆಯ ಎರಡು ಸೆಕೆಂಡು. ಆ ಹುಡುಗ ನಾನು ಹೇಳುವ ನಿಯಮದಂತೆ ಬಟನ್ನನ್ನು ಮೊದಲ ಸೆಕೆಂಡಿಗೇ ತಂದಿದ್ದರೆ ಇದೂ ಇರುತ್ತಿರಲಿಲ್ಲ. ಲೂಪ್ ಪಾಯಿಂಟನ್ನು 11ಕ್ಕೆ ಸರಿಯಾಗಿ ಇಟ್ಟಿದ್ದರೆ, ಡಿಸ್ಕು ಹಾಕಿದಾಗ ಒಂದು ಸಲ ಮಾತ್ರ ಅಪ್ಪ ತಿರುಗಿ ನೋಡುತ್ತಿದ್ದರು.

ಹಾಗೆಂದು ಆ ಮೆನು ಒಳ್ಳೆಯದು ಎಂದು ನಾನು ಹೇಳಲಾರೆ. ಏಳು ವರ್ಷ ಸಾಗರದ ಮನೆಯಲ್ಲಿ ಅಮ್ಮನನ್ನು ಧಾರೆಯಿಂದ ದೂರ ಇಟ್ಟದ್ದು ಅದೇ. ಬಟನ್ ಬೇಕಾದಾಗ ಬರಬೇಕು, ಬಂದದ್ದು ಉಳಿಯಬೇಕು, ಆರಿಸಿದ್ದು ಜಾರಬಾರದು. ಇದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಅನುಮಾನ ಬಂದಿರುವುದು ಆ ಹುಡುಗಿಗೆ ಕೊಟ್ಟ ಉತ್ತರದ ಬಗ್ಗೆ. ಕಾಯುವವರು ಏನೂ ನೋಡುವುದಿಲ್ಲ ಎಂದು ನಾನು ಯಾವ ಆಧಾರದ ಮೇಲೆ ಹೇಳಿದೆ?

ನಾನು ಎರಡು ಕಡತ ಮಾಡಿದೆ. ಒಂದರಲ್ಲಿ ಬಟನ್ ಬರುವ ಮೊದಲಿನ ಹನ್ನೊಂದು ಸೆಕೆಂಡು ಮಾತ್ರ, ಬಟನ್‌ಗಳ ಕಾಟವೇ ಇಲ್ಲದಂತೆ ಕತ್ತರಿಸಿ ಸುತ್ತು ಹಾಕಿದ್ದೆ. ಇನ್ನೊಂದರಲ್ಲಿ ಇದ್ದದ್ದು ಇದ್ದ ಹಾಗೆ 31. ಮೊದಲನೆಯದನ್ನು ಹಾಕಿ ತೋರಿಸಿದೆ. ಅಮ್ಮ ನಾಲ್ಕು ಸುತ್ತು ನೋಡಿದರು.

"ಇದಲ್ದಾ ಮಾರಾಯ. ತಿರುಗಿ ನೋಡ್ತಿದ್ದಂಗೇ ಗಣಪತಿ ಬಂತು. ಮೆಟ್ಲು ಇಳ್ಯದು ಎಲ್ಲೋಯ್ತು?"

ಮೆಟ್ಟಿಲು ಇಳಿಯುವುದು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯದನ್ನು ಹಾಕಿದೆ. ಹನ್ನೊಂದಕ್ಕೆ ಬಟನ್ ಹಾರಿ ಬಂದವು. ಲಗ್ನದ ಫಲಕದ ಹಿಂದೆ ಅಪ್ಪನ ಮುಖ ಮುಚ್ಚಿತು. "ಈಗ ಬತ್ತು ನೋಡು," ಎಂದು ಅಮ್ಮ ಕುರ್ಚಿಯ ತುದಿಗೆ ಸರಿದರು. ಇಪ್ಪತ್ತೆರಡನೇ ಸೆಕೆಂಡಿಗೆ ಲಗ್ನ ಮತ್ತು ರಿಸೆಪ್ಶನ್ ನಡುವಿನ ಬೆರಳಗಲದ ಸಂದಿಯಲ್ಲಿ ಬಿಳಿ ಶಲ್ಯವೊಂದು ಎಡದಿಂದ ಬಲಕ್ಕೆ ಹಾದು, ಕೆಳಗೆ ಇಳಿಯಿತು. ಬಸ್ಸು ಬಂದಿರಬೇಕು.